ಟೇ ನದಿಯ ಸಾಲ್ಮನ್ ಸೀಸನ್, ಮೊದಲ ದಿನ: ಗೆಳೆಯನ ಜೊತೆ ಹೋಗುವವರಿಗೆ

ಸ್ಕಾಟ್ಲೆಂಡ್‌ನ ಟೇ ನದಿಯಲ್ಲಿ ಸಾಲ್ಮನ್ ಸೀಸನ್ ಜನವರಿ 15ಕ್ಕೆ ಶುರುವಾಗುತ್ತದೆ, ಅಕ್ಟೋಬರ್ 15ಕ್ಕೆ ಮುಗಿಯುತ್ತದೆ. ಇಲ್ಲಿಗೆ ಓದುವುದಕ್ಕೋ ಕೆಲಸಕ್ಕೋ ಬಂದ ನಮ್ಮ ಕಡೆಯವರು, ಅದರಲ್ಲೂ ಚಿಕ್ಕಂದಿನಲ್ಲಿ ಹೊಳೆಗೆ ಗಾಳ ಹಾಕಿ ಬೆಳೆದವರು, ಚಳಿಗಾಲ ಬಂತೆಂದರೆ ಕೇಳುತ್ತಾರೆ: ಮೊದಲ ದಿನ ಹೋಗಬೇಕು, ಏನೇನು ಬೇಕು? ಅವರಿಗೆಲ್ಲ ಬಿಡಿ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲ್ಲರೂ ಕೋಲು, ರೀಲ್, ದಾರದಿಂದ ಶುರು ಮಾಡುತ್ತಾರೆ. ನೀವು ಉಲ್ಟಾ ಮಾಡಿ. ಮೀನು ನಿಮ್ಮ ಕೈಯಿಂದ ಜಾರಿ ವಾಪಸ್ ನೀರಿಗೆ ಹೋಗುವ ಆ ಅರ್ಧ ನಿಮಿಷವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಯಾಕೆಂದರೆ ಸ್ಕಾಟ್ಲೆಂಡ್‌ನಲ್ಲಿ ಏಪ್ರಿಲ್ 1ಕ್ಕೆ ಮುಂಚೆ ಹಿಡಿದ ಸಾಲ್ಮನ್ ಒಂದನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಇದು ಕಾನೂನು. ಕಾನೂನು ಇಲ್ಲದಿದ್ದರೂ ಬಿಡಲೇಬೇಕಾದ ಕಾಲ ಇದು. ಅಟ್ಲಾಂಟಿಕ್ ಸಾಲ್ಮನ್ ಗ್ರೇಟ್ ಬ್ರಿಟನ್‌ನಲ್ಲಿ ಅಳಿವಿನ ಅಂಚಿಗೆ ಬಂದಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ (ಐಯುಸಿಎನ್) 2023ರ ಕೆಂಪು ಪಟ್ಟಿಯೇ ಹೇಳಿದೆ. ಜನವರಿಯಲ್ಲಿ ಸಮುದ್ರದಿಂದ ನದಿಗೆ ಬರುವ ಮೀನು ಮೊಟ್ಟೆ ಇಡುವುದು ಆ ವರ್ಷದ ಕೊನೆಗೆ. ಅಲ್ಲಿಯವರೆಗೆ, ಹತ್ತು ತಿಂಗಳು ಹತ್ತಿರ, ಅದು ಸಿಹಿನೀರಿನಲ್ಲಿ ಏನೂ ತಿನ್ನದೆ ಮೈಯಲ್ಲಿರುವ ಕೊಬ್ಬಿನ ಮೇಲೇ ಬದುಕಬೇಕು. ಅಂಥ ಮೀನನ್ನು ಕಲ್ಲಿನ ಮೇಲೆ ಎಳೆದು, ಹೊರಳಾಡಿಸಿ, ಐದು ನಿಮಿಷ ಫೋಟೋ ತೆಗೆದು ನೀರಿಗೆ ಎಸೆದರೆ ಅದನ್ನು ಬಿಟ್ಟ ಹಾಗಾಗಲ್ಲ, ಅಲ್ವಾ?

ಮೊದಲು ಅನುಮತಿ

ಇಂಗ್ಲೆಂಡ್‌ನಲ್ಲಿ ಗಾಳದ ಲೈಸೆನ್ಸ್ ಅಂತ ಒಂದಿದೆ. ಸ್ಕಾಟ್ಲೆಂಡ್‌ನಲ್ಲಿ, ಗಡಿಯ ಎಸ್ಕ್ ನದಿ ಬಿಟ್ಟರೆ, ಅದು ಬೇಕಿಲ್ಲ. ಹಾಗಂತ ಸುಮ್ನೆ ಹೋಗಿ ಗಾಳ ಹಾಕುವ ಹಾಗಿಲ್ಲ. ಇಲ್ಲಿ ಸಾಲ್ಮನ್ ಹಿಡಿಯುವ ಹಕ್ಕಿಗೆ ಒಬ್ಬ ಮಾಲೀಕ ಇರುತ್ತಾನೆ. ಅವನ ಲಿಖಿತ ಅನುಮತಿ ಇಲ್ಲದೆ ಹಿಡಿದರೆ ಅದು ಅಪರಾಧ, ಪೊಲೀಸ್ ಕೇಸ್ ಆಗುತ್ತದೆ. ನದಿಯನ್ನು ತುಂಡು ತುಂಡಾಗಿ ಬೀಟ್ ಅಂತ ಹಂಚಿರುತ್ತಾರೆ. ನಮ್ಮ ಅರಣ್ಯ ಇಲಾಖೆಯವರು ಕಾಡಿನಲ್ಲಿ ಬೀಟ್ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಒಂದೊಂದು ಬೀಟ್‌ಗೂ ದಿನಕ್ಕೆ ಇಷ್ಟೇ ಕೋಲು ಅಂತ ಮಿತಿ ಇದೆ. ಮೊದಲ ದಿನಕ್ಕೆ ಜಾಗ ಬೇಕೆಂದರೆ ಶರತ್ಕಾಲದಲ್ಲೇ ಕೇಳಿ ಇಡಿ. ಫಿಶ್‌ಪಾಲ್ ಜಾಲತಾಣದಲ್ಲಿ ತುಂಬಾ ಬೀಟ್‌ಗಳ ಖಾಲಿ ದಿನಗಳು ಕಾಣುತ್ತವೆ.

ಬುಕ್ ಮಾಡುವಾಗಲೇ ಕೇಳಬೇಕಾದ ಮುಖ್ಯ ಮಾತು ಒಂದಿದೆ: ಒಂದೇ ಕೋಲನ್ನು ಇಬ್ಬರು ಹಂಚಿಕೊಳ್ಳಬಹುದಾ? ಎಷ್ಟೋ ಬೀಟ್‌ಗಳು ಒಪ್ಪುತ್ತವೆ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಖರ್ಚು ಅರ್ಧ ಆಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಒಬ್ಬನ ಕೈಯಲ್ಲಿ ಕೋಲು ಇರುವಾಗ ಇನ್ನೊಬ್ಬನ ಎರಡೂ ಕೈ ಖಾಲಿ ಇರುತ್ತವೆ. ಬಲೆ ಹಿಡಿಯುವುದಕ್ಕೆ, ಜಾರಿದವನನ್ನು ಹಿಡಿಯುವುದಕ್ಕೆ.

ಭಾನುವಾರ ಸಾಲ್ಮನ್ ಹಿಡಿಯುವುದು ಇಲ್ಲಿ ನಿಷೇಧ. 2023ರಲ್ಲಿ ಜನವರಿ 15 ಭಾನುವಾರ ಬಂದಿತ್ತು, ಸೀಸನ್ ಸೋಮವಾರ ಶುರುವಾಯಿತು. ಟಿಕೆಟ್, ರಜೆ ಎಲ್ಲ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ.

ಎರೆಹುಳು, ಸಿಗಡಿ ಮರೆತುಬಿಡಿ. ಫ್ಲೈ, ಅಂದರೆ ಗಾಳಕ್ಕೆ ಗರಿ, ಕೂದಲು ಕಟ್ಟಿ ಮಾಡಿದ ಕೃತಕ ಹುಳು, ಅಥವಾ ಲೋಹದ, ಮರದ ಕೃತಕ ಮೀನು, ಅಷ್ಟೇ. ನಮ್ಮ ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಮುದ್ದೆ ಕಟ್ಟಿ ಹಾಕುತ್ತಿದ್ದರಲ್ಲ, ಆ ವಿದ್ಯೆಗೆ ಇಲ್ಲಿ ಕೆಲಸವಿಲ್ಲ. ಮಹಶೀರ್ ಹಸಿದು ಬಂದು ತಿನ್ನುತ್ತದೆ. ನದಿಗೆ ಬಂದ ಸಾಲ್ಮನ್‌ಗೆ ಹಸಿವೇ ಇಲ್ಲ. ಅದು ಕಚ್ಚುವುದು ಸಿಟ್ಟಿಗೋ, ಹಳೆಯ ಅಭ್ಯಾಸಕ್ಕೋ. ಅದಕ್ಕೇ ಇಲ್ಲಿ ತಾಳ್ಮೆ ಜಾಸ್ತಿ ಬೇಕು.

ಎಂಥ ಗೆಳೆಯನನ್ನು ಕರೆದುಕೊಂಡು ಹೋಗಬೇಕು

ಮೀನು ಹಿಡಿಯುವುದು ಬರಬೇಕು ಅಂತೇನಿಲ್ಲ. ಚಳಿಯಲ್ಲಿ ಮಾತಿಲ್ಲದೆ ಒಂದು ಗಂಟೆ ನಿಲ್ಲುವವನಾಗಿರಬೇಕು. ಸಾಕು ಅಂದರೆ ಸಾಕು ಅನ್ನುವವನಾಗಿರಬೇಕು. ನನ್ನ ಜೊತೆ ಬರುವವನು ತೀರ್ಥಹಳ್ಳಿ ಕಡೆಯವನು, ತುಂಗೆಯಲ್ಲಿ ಈಜು ಕಲಿತವನು. ಹೊಳೆಯ ಭಯ ಇರುವವನು. ಭಯ ಅಂದರೆ ಹೆದರಿಕೆ ಅಲ್ಲ, ನೀರಿಗೆ ಕೊಡುವ ಮರ್ಯಾದೆ.

ಹಿಂದಿನ ದಿನ ರಾತ್ರಿಯೇ ಮೂರು ವಿಷಯ ಮಾತಾಡಿ ಮುಗಿಸಿ. ಒಬ್ಬ ನೀರಿನಲ್ಲಿದ್ದರೆ ಇನ್ನೊಬ್ಬ ದಡದಲ್ಲಿ, ಕಣ್ಣಿಗೆ ಕಾಣುವ ದೂರದಲ್ಲಿ ಇರಬೇಕು. ಗಂಟೆಗೊಮ್ಮೆ ಕೋಲು ಕೈ ಬದಲಾಗಬೇಕು, ಮೀನು ಆಡುತ್ತಿದೆ ಅನ್ನಿಸಿದರೂ ಸರಿ. ನದಿಯ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ, ಆದ್ದರಿಂದ ಇಬ್ಬರ ಕೊರಳಲ್ಲೂ ಸೀಟಿ ಇರಬೇಕು. ಒಂದು ಸಲ ಊದಿದರೆ ಮೀನು, ಮೂರು ಸಲ ಊದಿದರೆ ಅಪಾಯ.

ಸಾಮಾನು

ಫ್ಲೈ ಹಾಕುವುದಾದರೆ ಎರಡು ಕೈಯಲ್ಲಿ ಹಿಡಿಯುವ, ಹದಿನಾಲ್ಕು ಹದಿನೈದು ಅಡಿಯ ಕೋಲು ಬೇಕು. ಜನವರಿಯ ನೀರು ತಣ್ಣಗೆ, ಮೀನು ತಳದಲ್ಲಿ. ಅದಕ್ಕೆ ಮುಳುಗುವ ದಾರ, ಸಣ್ಣ ಕೊಳವೆಯ ಮೇಲೆ ಕಟ್ಟಿದ ದೊಡ್ಡ ಟ್ಯೂಬ್ ಫ್ಲೈ. ಕಪ್ಪು, ಹಳದಿ, ಕಿತ್ತಳೆ ಬಣ್ಣದ ವಿಲ್ಲಿ ಗನ್ ಈ ಕಾಲಕ್ಕೆ ಹಳೆಯ ನಂಬಿಕಸ್ಥ ಫ್ಲೈ. ಆದರೆ ಉದ್ದ ಕೋಲಿನ ಎಸೆತ ಒಂದು ದಿನದಲ್ಲಿ ಬರುವುದಿಲ್ಲ. ಹೊಸಬರು ಹತ್ತು ಅಡಿಯ ಸ್ಪಿನ್ನಿಂಗ್ ಕೋಲು, ಗಟ್ಟಿ ದಾರ, ಟೋಬಿ ಅಥವಾ ಫ್ಲೈಯಿಂಗ್ ಸಿ ತರದ ಸ್ಪಿನ್ನರ್ (ನೀರಿನಲ್ಲಿ ಎಳೆದಾಗ ತಿರುಗುವ, ಹೊಳೆಯುವ ಲೋಹದ ಕೃತಕ ಮೀನು) ಇಟ್ಟುಕೊಂಡರೆ ಸಾಕು. ಬೀಟ್‌ನವರು ಬಾಡಿಗೆಗೆ ಕೊಡುತ್ತಾರಾ ಕೇಳಿ ನೋಡಿ. ಮೊದಲ ವರ್ಷವೇ ದುಡ್ಡು ಸುರಿಯಬೇಡಿ.

ಅಂಗಡಿಯಲ್ಲಿ ಸಿಗುವ ಸ್ಪಿನ್ನರ್‌ಗೆ ಮೂರು ಕೊಕ್ಕೆಯ ಗಾಳ ಇರುತ್ತದೆ. ಅದನ್ನು ತೆಗೆದು ಒಂಟಿ ಗಾಳ ಹಾಕಿ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಬಟ್ಟೆಗೆ ಚುಚ್ಚಿ ಎಳೆದು ನೋಡಿ. ದಾರ ಕಿತ್ತು ಬರದೆ ನುಣ್ಣಗೆ ಹೊರಗೆ ಬಂದರೆ ಸರಿಯಾಗಿದೆ. ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳಲ್ವಾ ಅಂತ ಕೇಳುತ್ತಾರೆ. ದಾರ ಬಿಗಿಯಾಗಿ ಇಟ್ಟರೆ ಅಷ್ಟೇನೂ ತಪ್ಪಿಸಿಕೊಳ್ಳುವುದಿಲ್ಲ. ತಪ್ಪಿಸಿಕೊಂಡರೂ ಹೇಗೂ ಬಿಡುವ ಮೀನೇ.

ಬಲೆ ಮಾತ್ರ ಒಳ್ಳೆಯದನ್ನೇ ತನ್ನಿ. ಅಗಲ ಬಾಯಿ, ಆಳ ಚೀಲ, ಗಂಟಿಲ್ಲದ ಮೆತ್ತಗಿನ ಹೆಣಿಗೆ. ಗಂಟಿರುವ ಬಲೆ ಮೀನಿನ ಈಜುರೆಕ್ಕೆ ಸೀಳುತ್ತದೆ, ಹುರುಪೆ ಕೀಳುತ್ತದೆ. ಉದ್ದ ಮೂತಿಯ ಇಕ್ಕಳ ಗೆಳೆಯನ ಜೇಬಿನಲ್ಲಿ ಇರಲಿ, ಬ್ಯಾಗಿನಲ್ಲಿ ಬೇಡ.

ಇನ್ನು ಮೈಗೆ. ಹತ್ತಿ ಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಮೈಯ ಶಾಖ ಹೀರಿಬಿಡುತ್ತದೆ. ಉಣ್ಣೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಎದೆವರೆಗೆ ಬರುವ ವೇಡರ್ (ನೀರು ಒಳಗೆ ಬಿಡದ ಉಡುಪು), ಸೊಂಟಕ್ಕೆ ಬಿಗಿಯಾಗಿ ಬೆಲ್ಟ್. ಆ ಬೆಲ್ಟ್ ಅಲಂಕಾರಕ್ಕಲ್ಲ, ಬಿದ್ದಾಗ ನೀರು ಕಾಲಿಗೆ ಇಳಿಯದ ಹಾಗೆ ತಡೆಯುವುದಕ್ಕೆ. ಕಾಲ್ಚೀಲ ಎರಡು ಜೊತೆ ಹಾಕಿ, ಆದರೆ ಬೂಟಿನಲ್ಲಿ ಬೆರಳು ಆಡುವಷ್ಟು ಸಡಿಲ ಇರಲಿ. ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ತಾನೇ ಊದಿಕೊಳ್ಳುವ ಲೈಫ್ ಜಾಕೆಟ್ ಹಾಕುವುದಾದರೆ ಅದರ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯಾ ಅಂತ ಹೊರಡುವ ಮುಂಚೆ ತಿರುಗಿಸಿ ನೋಡಿ. ನಡೆಯುವುದಕ್ಕೆ ಊರುಗೋಲು, ಕಣ್ಣಿಗೆ ಕನ್ನಡಕ. ಗಾಳಿಗೆ ತಿರುಗಿ ಬಂದ ಗಾಳ ಕಣ್ಣನ್ನೇ ಹುಡುಕಿಕೊಂಡು ಬರುತ್ತದೆ.

ನಾರ್ವೆಗೋ ಬೇರೆ ದೇಶಕ್ಕೋ ಹೋಗಿ ಬಂದ ಸಾಮಾನಾಗಿದ್ದರೆ ಚೆನ್ನಾಗಿ ಒಣಗಿಸಿ, ಸೋಂಕು ತೊಳೆದು ತನ್ನಿ. ಗೈರೋಡ್ಯಾಕ್ಟಿಲಸ್ ಸಲಾರಿಸ್ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ನಾರ್ವೆಯ ಎಷ್ಟೋ ನದಿಗಳ ಸಾಲ್ಮನ್ ಮರಿಗಳನ್ನು ಬಹುತೇಕ ಖಾಲಿ ಮಾಡಿಬಿಟ್ಟಿತು. ಒದ್ದೆ ಬೂಟಿನಲ್ಲಿ ಅದು ಬರಬಹುದು. ಬ್ರಿಟನ್‌ಗೆ ಅದು ಕಾಲಿಟ್ಟಿಲ್ಲ, ನಮ್ಮ ಕಾಲಿನ ಜೊತೆ ಬರುವುದು ಬೇಡ.

ಊಟಕ್ಕೆ ನಮ್ಮದು ಯಾವಾಗಲೂ ಒಂದೇ. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಮಾಡಿ ಬೆಳ್ಳಿ ಹಾಳೆಯಲ್ಲಿ ಸುತ್ತಿದ್ದು. ಒಂದು ಫ್ಲಾಸ್ಕ್‌ನಲ್ಲಿ ಕಾಫಿ, ಇನ್ನೊಂದರಲ್ಲಿ ಮೆಣಸಿನ ಸಾರು. ಕೈಗವಸು ತೆಗೆಯದೆ ಹಿಡಿದು ತಿನ್ನುವಂಥದ್ದು ಬೇಕು. ಸಾರು ಕುಡಿದ ಮೇಲೆ ಕಿವಿ ಬಿಸಿಯಾಗುತ್ತದಲ್ಲ, ಅದರ ಬೆಲೆ ಜನವರಿಯ ಟೇ ದಡದಲ್ಲಿ ನಿಂತವರಿಗೇ ಗೊತ್ತು.

ಬೆಳಿಗ್ಗೆ

ಅವಸರ ಬೇಡ. ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆಗೆ, ನಾಲ್ಕು ದಾಟುತ್ತಿದ್ದ ಹಾಗೆ ಮುಳುಗುತ್ತಾನೆ. ಹೊರಡುವ ಮುಂಚೆ ಸ್ಕಾಟ್ಲೆಂಡ್ ಪರಿಸರ ಸಂಸ್ಥೆಯಾದ ಸೆಪಾದ ಜಾಲತಾಣದಲ್ಲಿ ನೀರಿನ ಮಟ್ಟ ನೋಡಿ. ಬಲಾಥಿ, ಕಾಪುತ್ ಹೀಗೆ ಬೇರೆ ಬೇರೆ ಕಡೆಯ ಅಳತೆ ಸಿಗುತ್ತದೆ. ಬ್ರಿಟನ್‌ನಲ್ಲೇ ಅತಿ ಹೆಚ್ಚು ನೀರು ಹೊತ್ತು ಹರಿಯುವ ನದಿ ಟೇ. ಅದಕ್ಕೆ ಸೇರುವ ಟಮ್ಮೆಲ್ ನದಿಗೆ ಪಿಟ್‌ಲಾಖ್ರಿಯಲ್ಲಿ ಅಣೆಕಟ್ಟು ಇದೆ, ವಿದ್ಯುತ್ತಿಗೆ ನೀರು ಬಿಡುತ್ತಾರೆ. ಅದರ ಕೆಳಗಿನ ಬೀಟ್‌ನಲ್ಲಿ ಮಳೆ ಇಲ್ಲದಿದ್ದರೂ ನೀರು ಏರಬಹುದು. ದಡಕ್ಕೆ ಹೋದ ತಕ್ಷಣ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲು ಇಡಿ. ಅರ್ಧ ಗಂಟೆಗೊಮ್ಮೆ ಗೆಳೆಯ ಆ ಕಲ್ಲು ನೋಡಬೇಕು. ಕಲ್ಲು ಮುಳುಗಿದರೆ ಮೇಲೆ ಬನ್ನಿ.

ಲಾಖ್ ಟೇ ಸರೋವರದಿಂದ ನದಿ ಹೊರಡುವ ಕೆನ್‌ಮೋರ್ ಹಳ್ಳಿಯಲ್ಲಿ ಮೊದಲ ದಿನದ ಸಂಭ್ರಮ ಒಂದು ಸಲವಾದರೂ ನೋಡಿ. ಊರ ಚೌಕದಿಂದ ಬ್ಯಾಗ್‌ಪೈಪ್ ವಾದ್ಯದವರು ಮುಂದೆ, ಕೋಲು ಹಿಡಿದವರು ಹಿಂದೆ, ಮೆರವಣಿಗೆಯಲ್ಲಿ ನದಿಗೆ ಬರುತ್ತಾರೆ. ದೋಣಿಗೆ ವಿಸ್ಕಿ ಸುರಿದು ಸೀಸನ್ ಶುರು ಮಾಡುತ್ತಾರೆ. ನಮ್ಮಲ್ಲಿ ಹೊಸ ಗಾಡಿಗೆ ನಿಂಬೆಹಣ್ಣು ಇಟ್ಟು ಹೊರಡುತ್ತೇವಲ್ಲ, ಆ ಭಾವವೇ. ಬೇರೆ ಬೀಟ್‌ಗಳಲ್ಲೂ ಸಣ್ಣದಾಗಿ ಹೀಗೆ ಮಾಡುತ್ತಾರೆ.

ಬೀಟ್ ನೋಡಿಕೊಳ್ಳುವವರನ್ನು ಗಿಲ್ಲಿ ಅನ್ನುತ್ತಾರೆ. ಅವರ ಮಾತು ಕೇಳಿ. ಯಾವ ಮಡುವಿನಲ್ಲಿ ಮೀನು ನಿಲ್ಲುತ್ತದೆ, ಯಾವ ಕಲ್ಲಿನ ಹಿಂದೆ ಗುಂಡಿ ಇದೆ, ಎಲ್ಲ ಅವರಿಗೆ ಅಂಗೈಯಷ್ಟು ಪರಿಚಯ. ಚಳಿ ಜಾಸ್ತಿ ಇದ್ದ ವರ್ಷ, ನೀರು ಐದಾರು ಡಿಗ್ರಿಗಿಂತ ತಣ್ಣಗಿದ್ದರೆ, ಸಾಲ್ಮನ್ ಬಂಡೆಯ ರಭಸ ಹತ್ತಲು ಹಿಂಜರಿಯುತ್ತದೆ, ಕೆಳಗಿನ ಮಡುಗಳಲ್ಲೇ ಉಳಿಯುತ್ತದೆ. ಸ್ಟ್ಯಾನ್ಲಿ ಹತ್ತಿರದ ಕ್ಯಾಂಪ್ಸಿ ಲಿನ್ ಅಂಥ ಒಂದು ಕಡೆ. ಬೀಟ್ ಆರಿಸುವಾಗ ಇದು ನೆನಪಿರಲಿ.

ನೀರಿಗೆ ಇಳಿದ ಮೇಲೆ

ಮಡುವಿನ ಮೇಲ್ತುದಿಯಿಂದ ಶುರು ಮಾಡಿ. ಎದುರಿನ ದಡಕ್ಕೆ ನೇರವಾಗಿ ಅಲ್ಲ, ಸ್ವಲ್ಪ ಕೆಳಕ್ಕೆ ಓರೆಯಾಗಿ ಎಸೆಯಿರಿ. ಸೆಳವು ಗಾಳವನ್ನು ಬಿಲ್ಲಿನ ಹಾಗೆ ತಿರುಗಿಸಿಕೊಂಡು ನಿಮ್ಮ ಕಡೆಯ ದಡಕ್ಕೆ ತರಲಿ. ತಣ್ಣೀರಿನಲ್ಲಿ ಮೀನು ದೂರ ಅಟ್ಟಿಸಿಕೊಂಡು ಬರುವುದಿಲ್ಲ, ಆದ್ದರಿಂದ ಆಳವಾಗಿ, ನಿಧಾನವಾಗಿ. ಗಾಳ ಪೂರ್ತಿ ತಿರುಗಿ ಬಂದ ಮೇಲೆ ಎರಡು ಹೆಜ್ಜೆ ಕೆಳಕ್ಕೆ, ಮತ್ತೆ ಎಸೆತ. ಹೀಗೆ ಮಡುವಿನ ಕೊನೆವರೆಗೆ. ಯಾರಾದರೂ ಮೊದಲೇ ಇಳಿದಿದ್ದರೆ ಅವರ ಹಿಂದೆ, ಮೇಲಿನಿಂದ ಸೇರಿಕೊಳ್ಳಿ. ಅವರ ಮುಂದೆ ಹೋಗಿ ಇಳಿಯುವುದು ಇಲ್ಲಿ ದೊಡ್ಡ ತಪ್ಪು.

ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಕೈಯಲ್ಲಿ ಕೀಳಬೇಡಿ, ಉಂಗುರ ಬಾಗುತ್ತದೆ. ಕೋಲನ್ನು ಒಂದು ಕ್ಷಣ ನೀರಿಗೆ ಅದ್ದಿ ಅಲ್ಲಾಡಿಸಿದರೆ ಕರಗಿ ಬಿಡುತ್ತದೆ.

ನಡೆಯುವಾಗ ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದು ಕಾಲು ಎತ್ತಿ. ಸೆಳವಿಗೆ ಪಕ್ಕ ಕೊಟ್ಟು ನಿಲ್ಲಿ, ಎದೆ ಕೊಡಬೇಡಿ. ತೊಡೆ ದಾಟಿ ಇಳಿಯುವ ಅಗತ್ಯ ಜನವರಿಯಲ್ಲಿ ಇಲ್ಲ. ಅಕಸ್ಮಾತ್ ಸೆಳವು ಎತ್ತಿಕೊಂಡು ಹೋದರೆ ಕೋಲು ಬಿಟ್ಟುಬಿಡಿ, ಬೆನ್ನ ಮೇಲೆ ಮಲಗಿ, ಕಾಲು ಕೆಳಹರಿವಿನ ಕಡೆ ಮಾಡಿ, ಓರೆಯಾಗಿ ದಡಕ್ಕೆ ಬನ್ನಿ. ಹರಿವಿನ ಮಧ್ಯೆ ಎದ್ದು ನಿಲ್ಲಲು ಹೋಗಬೇಡಿ, ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದಡದಲ್ಲಿರುವವನು ನೀರಿಗೆ ಹಾರಬಾರದು. ಊರುಗೋಲನ್ನೋ ಹಗ್ಗವನ್ನೋ ಚಾಚಬೇಕು. ಒಮ್ಮೆ ನಾನು ಬರೀ ಮೊಣಕಾಲುದ್ದ ನೀರಿನಲ್ಲಿ ಪಾಚಿಗಲ್ಲಿನ ಮೇಲೆ ಜಾರಿ ಕೂತೆ. ತಣ್ಣೀರು ಕುತ್ತಿಗೆಗೆ ತಾಗಿದ ಕ್ಷಣ ಉಸಿರೇ ನಿಂತ ಹಾಗಾಯಿತು. ಏಳುವುದಕ್ಕೆ ಗೊತ್ತಿತ್ತು, ಆದರೆ ಮೈ ಮಾತು ಕೇಳಲಿಲ್ಲ. ಗೆಳೆಯ ಊರುಗೋಲು ಚಾಚಿ, ‘ಹಿಡ್ಕೋ, ಮೊದಲು ಉಸಿರು ಬಿಡು, ಆಮೇಲೆ ಏಳು’ ಅಂದ. ಆ ಮಾತಿನ ಬಲದಲ್ಲೇ ಎದ್ದೆ. ಅವತ್ತು ಅಲ್ಲಿಗೇ ಮುಗಿಸಿದೆವು. ಒದ್ದೆಯಾದ ಮೇಲೆ ಇನ್ನೊಂದು ಎಸೆತ ಅನ್ನುವ ಮಾತೇ ಬೇಡ.

ಮೀನು ಕಚ್ಚಿದಾಗ

ಫ್ಲೈ ಆದರೆ ತಕ್ಷಣ ಎಳೆಯಬೇಡಿ. ಮೀನು ಬಾಯಲ್ಲಿಟ್ಟುಕೊಂಡು ತಿರುಗಲಿ, ದಾರ ತಾನೇ ಬಿಗಿಯಾಗಲಿ, ಆಗ ಕೋಲು ಎತ್ತಿ. ಸ್ಪಿನ್ನರ್ ಆದರೆ ಗಾಳ ತಾನೇ ಸಿಕ್ಕಿಕೊಂಡಿರುತ್ತದೆ, ಗಟ್ಟಿಯಾಗಿ ಹಿಡಿದರೆ ಸಾಕು. ಆಮೇಲೆ ಆಟ ಆಡಿಸುತ್ತಾ ಕೂರಬೇಡಿ. ಓಡಿದರೆ ಬಿಡಿ, ನಿಂತರೆ ಎಳೆಯಿರಿ. ಬೇಗ ಹತ್ತಿರ ತಂದಷ್ಟೂ ಮೀನಿನ ಮೈಯಲ್ಲಿ ಕಸುವು ಉಳಿದಿರುತ್ತದೆ.

ಬಲೆ ಗೆಳೆಯನ ಕೆಲಸ. ಅವನು ನಿಮ್ಮ ಕೆಳಗಡೆ ನಿಂತು ಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟುಕೊಂಡು ಕಾಯಬೇಕು, ಮೀನಿನ ಹಿಂದೆ ಬೀಸಬಾರದು. ನೀವು ಮೀನನ್ನು ಬಲೆಯ ಮೇಲೆ ತರಬೇಕು. ತಲೆ ಒಳಗೆ ಬಂದ ಮೇಲೆ ಅವನು ಎತ್ತಬೇಕು, ಅದೂ ನೀರಿನಿಂದ ಹೊರಕ್ಕಲ್ಲ, ಬಲೆಯ ಬಾಯಿಯ ಉಂಗುರ ನೀರಿನ ಮೇಲೆ ಕಾಣುವಷ್ಟು ಮಾತ್ರ.

ಈಗ ಮೀನು ನೋಡಿ. ಜನವರಿಯಲ್ಲಿ ಸಿಗುವುದು ಜಾಸ್ತಿ ಕೆಲ್ಟ್. ಅಂದರೆ ಮೊಟ್ಟೆ ಇಟ್ಟು ಮುಗಿಸಿ ಸಮುದ್ರಕ್ಕೆ ವಾಪಸ್ ಹೊರಟಿರುವ, ಬಾಣಂತಿಯ ಹಾಗೆ ಸೊರಗಿದ ಮೀನು. ಅದೂ ಬೆಳ್ಳಿ ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೇ ಹೊಸಬರು ಮೋಸ ಹೋಗುತ್ತಾರೆ. ನಮ್ಮ ಮೊದಲ ಮೀನು ಕಂಡು ಇಬ್ಬರೂ ಕುಣಿದಿದ್ದೆವು. ಗಿಲ್ಲಿ ಹತ್ತಿರ ಬಂದು, ಮೆಲ್ಲಗೆ ಅದರ ಹೊಟ್ಟೆ ತೋರಿಸಿದರು. ಹೊಟ್ಟೆ ಒಳಕ್ಕೆ ಹೋಗಿತ್ತು, ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತಿತ್ತು, ಗುದದ್ವಾರ ಊದಿತ್ತು, ಈಜುರೆಕ್ಕೆಯ ಅಂಚು ಹರಿದಿತ್ತು. ಕಿವಿರು ಸ್ವಲ್ಪ ತೆರೆದಾಗ ಒಳಗೆ ಬಿಳಿ ಹುಳು. ಬೆಳ್ಳಿ ಕೂಡ ಹೊಸ ತಗಡಿನ ಬಣ್ಣ. ಸಮುದ್ರದಿಂದ ಹೊಸದಾಗಿ ಬಂದ ಮೀನಾದರೆ ಹೆಗಲು ದಪ್ಪ, ಹೊಟ್ಟೆ ಗುಂಡಗೆ. ಬೆನ್ನಿಗೆ ನೇರಳೆ ಮಿಶ್ರಿತ ನೀಲಿ ಹೊಳಪು. ಮುಟ್ಟಿದರೆ ಹುರುಪೆ ಅಂಗೈಗೆ ಅಂಟುತ್ತದೆ, ಚಮಕಿ ಉದುರಿದ ಹಾಗೆ. ಬಾಲದ ಹತ್ತಿರ ಕಂದು ಬಣ್ಣದ ಸಮುದ್ರ ಹೇನು ಇದ್ದರೆ ಅದು ಉಪ್ಪುನೀರು ಬಿಟ್ಟು ಕೆಲವೇ ದಿನ ಆಗಿದೆ ಅಂತ ಅರ್ಥ. ಕೆಲ್ಟ್ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದು ಸಮುದ್ರ ಸೇರಿ ಬದುಕಿದರೆ ಮತ್ತೊಮ್ಮೆ ಮೊಟ್ಟೆ ಇಡಲು ಬರಬಹುದು. ಅದಕ್ಕೂ ಅಷ್ಟೇ ಜೋಪಾನ.

ಬಿಡುವುದು

ಕೈಗವಸು ತೆಗೆದು ಕೈ ಒದ್ದೆ ಮಾಡಿಕೊಳ್ಳಿ. ಒಣಗಿದ ಕೈ ಮೀನಿನ ಮೈಯ ಲೋಳೆ ಕಿತ್ತುಬಿಡುತ್ತದೆ. ಮೀನು ನೀರಿನಲ್ಲೇ ಇರುವಾಗ ಇಕ್ಕಳದಿಂದ ಗಾಳ ತೆಗೆಯಿರಿ. ಗಂಟಲಿನೊಳಗೆ ಹೋಗಿದ್ದರೆ ಎಳೆದಾಡಬೇಡಿ, ದಾರ ಕತ್ತರಿಸಿ. ಹೊರಗೆ ಸೊನ್ನೆಗಿಂತ ಕಡಿಮೆ ಚಳಿ ಇದ್ದಾಗ ಗಾಳಿಗೆ ತಾಗಿದ ಕಿವಿರು ಹೆಪ್ಪುಗಟ್ಟುತ್ತದೆ, ಆದ್ದರಿಂದ ಎತ್ತುವುದೇ ಬೇಡ. ಬಾಲ ಹಿಡಿದು ನೇತಾಡಿಸುವುದಂತೂ ಪಾಪ. ಫೋಟೋ ಬೇಕೆಂದರೆ ಗೆಳೆಯ ಕ್ಯಾಮೆರಾ ಸಿದ್ಧ ಮಾಡಿಕೊಂಡ ಮೇಲೆ, ಮೀನು ಅರ್ಧ ನೀರಿನಲ್ಲೇ ಇರುವ ಹಾಗೆ, ಒಂದೇ ಒಂದು. ಉದ್ದ ಬೇಕೆಂದರೆ ಕೋಲಿನ ಮೇಲೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. 75 ಸೆಂಟಿಮೀಟರ್‌ನ ಹೊಸ ಮೀನು ಹೆಚ್ಚುಕಡಿಮೆ ನಾಲ್ಕೂವರೆ ಕೆಜಿ ಇರುತ್ತದೆ. ತಕ್ಕಡಿಗೆ ತೂಗುಹಾಕಬೇಡಿ.

ಆಮೇಲೆ ಒಂದು ಕೈ ಬಾಲದ ಬುಡಕ್ಕೆ, ಒಂದು ಕೈ ಎದೆಯ ಕೆಳಗೆ. ತಲೆ ಮೇಲ್ಹರಿವಿನ ಕಡೆ, ನಿಧಾನ ಹರಿವಿನಲ್ಲಿ. ಹಿಂದೆ ಮುಂದೆ ದೂಡಬೇಡಿ, ಸುಮ್ನೆ ಹಿಡಿದುಕೊಳ್ಳಿ. ಕಿವಿರು ಒಂದೇ ತಾಳದಲ್ಲಿ ತೆರೆದು ಮುಚ್ಚುವುದು ಕಾಣುತ್ತದೆ. ಒಂದು ನಿಮಿಷ ಆಗಬಹುದು, ಐದೂ ಆಗಬಹುದು. ನನ್ನ ಬೆರಳು ಮರಗಟ್ಟಿ ಬಿಡೋಣ ಅನ್ನಿಸಿದಾಗ ಗೆಳೆಯ ಪಕ್ಕದಲ್ಲಿ ಕೂತು, ‘ಇರು, ಅದಿನ್ನೂ ಹೊರಟಿಲ್ಲ’ ಅನ್ನುತ್ತಾನೆ. ಆಮೇಲೆ ಬಾಲ ಕೈಯಲ್ಲಿ ಗಟ್ಟಿಯಾಗುತ್ತದೆ. ಒಂದು ಒದೆತ, ಮುಖಕ್ಕೆ ನೀರು, ಕೈ ಖಾಲಿ.

ಟೇ ನದಿಗೆ ದೊಡ್ಡ ಮೀನಿನ ಚರಿತ್ರೆ ಇದೆ. 1922ರ ಅಕ್ಟೋಬರ್ 7ರಂದು ಜಾರ್ಜೀನಾ ಬ್ಯಾಲಂಟೈನ್ ಎಂಬ ಹೆಂಗಸು ಗ್ಲೆನ್‌ಡೆಲ್ವೈನ್ ಬೀಟ್‌ನಲ್ಲಿ 64 ಪೌಂಡ್, ಅಂದರೆ 29 ಕೆಜಿಯ ಸಾಲ್ಮನ್ ಹಿಡಿದರು. ಬ್ರಿಟನ್‌ನಲ್ಲಿ ಕೋಲಿನಿಂದ ಹಿಡಿದ ಸಾಲ್ಮನ್‌ಗಳಲ್ಲಿ ಇವತ್ತಿಗೂ ಅದೇ ದಾಖಲೆ. ನಮ್ಮ ಕಡೆಯೂ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರು ಕಬಿನಿಯಲ್ಲಿ 120 ಪೌಂಡ್‌ನ ಮಹಶೀರ್ ಹಿಡಿದಿದ್ದರು. ಕಾವೇರಿ ಕಣಿವೆಯ ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಸಾಲ್ಮನ್ ಬಿಡುವಾಗ ನನಗೆ ಅದು ನೆನಪಾಗದ ವರ್ಷವಿಲ್ಲ.

ಸಂಜೆ

ಬೆಳಕು ಇರುವಾಗಲೇ ದಡ ಬಿಡಿ. ಏನು ಸಿಕ್ಕಿತು, ಏನು ಸಿಗಲಿಲ್ಲ, ಕೆಲ್ಟ್ ಎಷ್ಟು, ಹೊಸದು ಎಷ್ಟು, ಗಿಲ್ಲಿಗೆ ಸರಿಯಾಗಿ ಹೇಳಿ ಬರೆಸಿ. ಮೀನಿನ ಸಂಖ್ಯೆ ಲೆಕ್ಕ ಹಾಕುವವರಿಗೆ ಬೀಟ್‌ನ ಈ ದಾಖಲೆ ಪುಸ್ತಕಗಳೇ ಆಧಾರ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ, ಟವೆಲ್ ಮೊದಲೇ ಇಟ್ಟಿರಿ. ಆಯಾಸದಲ್ಲಿ ಹಿಮದ ರಸ್ತೆಯಲ್ಲಿ ಓಡಿಸುವುದು ಕಷ್ಟ, ಕಮ್ಮಿ ದಣಿದವನು ಓಡಿಸಲಿ. ಮನೆಗೆ ಬಂದು ವೇಡರ್ ಒಳಮೈ ಹೊರಗೆ ಮಾಡಿ ನೇತುಹಾಕಿ, ಬೂಟಿನೊಳಗೆ ಹಳೆಯ ಪೇಪರ್ ತುರುಕಿ, ಬಲೆ ತೊಳೆದು ಒಣಗಿಸಿ. ಫೆಬ್ರವರಿಯ ಯಾವುದಾದರೂ ಶನಿವಾರಕ್ಕೆ ಜಾಗ ಇದೆಯಾ ಅಂತ ಮಾತ್ರ ಗಿಲ್ಲಿಯನ್ನು ಅಲ್ಲಿಂದ ಹೊರಡುವ ಮುಂಚೆಯೇ ಕೇಳಿಬಿಡಿ.